ದ್ವೀಪಕ್ಕೆ ಹೊರಟ ಕುಕ್ಕರಮ್ಮ

ಕುಕ್ಕರಮ್ಮ ಎಂಬ ಹೆಸರು ಅವಳಿಗೆ ಅಂಟಿದ್ದು ಆಸ್ಪತ್ರೆಯಲ್ಲಿ. ಆಪರೇಷನ್ ಥಿಯೇಟರಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ನಿಂತು, ಕತ್ತರಿ, ಚಿಮಟ, ಹೊಲಿಗೆಯ ಸೂಜಿ, ಹೊದಿಸುವ ಬಟ್ಟೆ ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ, ಕ್ರಿಮಿಯ ಸುಳಿವಿಲ್ಲದಂತೆ ಮಾಡಿ ಡಾಕ್ಟರುಗಳ ಕೈಗೆ ಕೊಟ್ಟವಳು ಅವಳು. ಹಬೆಯ ಆ ಯಂತ್ರಕ್ಕೆ ಪುಸ್ತಕದಲ್ಲಿ ಆಟೋಕ್ಲೇವ್ ಎಂದು ಹೆಸರು. ಆಸ್ಪತ್ರೆಯವರ ಬಾಯಲ್ಲಿ ಅದು ಕುಕ್ಕರು. ಅದನ್ನು ನೋಡಿಕೊಳ್ಳುವವಳು ಕುಕ್ಕರಮ್ಮ. ಅವಳು ನಿವೃತ್ತಳಾಗಿ ಎಂಟು ವರ್ಷವಾಗಿದ್ದರೂ ಹೆಸರಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಹಾಲಿನವನೂ ಹಾಗೆಯೇ ಕರೆಯುತ್ತಿದ್ದ. ಸೊಸೆ ತನ್ನ ಫೋನಿನಲ್ಲಿ ಅತ್ತೆಯ ನಂಬರನ್ನು ಅದೇ ಹೆಸರಿನಲ್ಲಿ ಇಟ್ಟುಕೊಂಡಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅವಳು ಬಾಲ್ಕನಿಯಲ್ಲಿ ದಿಂಬಿನ ಚೀಲಗಳನ್ನು ಒಣಹಾಕುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ತುಟಿ ಡಾಕ್ಟರು ನಿಂತಿದ್ದರು. ಸೀಳುತುಟಿಯ ಮಕ್ಕಳಿಗೆ ಆಪರೇಷನ್ ಮಾಡುವುದರಲ್ಲಿ ಅವರದು ಎತ್ತಿದ ಕೈ, ಅದಕ್ಕೇ ಆ ಹೆಸರು. ಆರಡಿ ಎತ್ತರದ ದಪ್ಪ ಆಳು, ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಅವರು ಇನ್ನೂ ಒದ್ದೆಯಿದ್ದ, ಅಂದರೆ ಕ್ರಿಮಿ ಮತ್ತೆ ಹತ್ತಬಹುದಾದ, ಉಪಕರಣದ ಗಂಟೊಂದನ್ನು ಬಿಚ್ಚಲು ಹೋಗಿ ಎಲ್ಲರೆದುರು ಕುಕ್ಕರಮ್ಮನಿಂದ ಬೈಸಿಕೊಂಡಿದ್ದರು. ಅಂದಿನಿಂದ ಅವರಿಗೆ ಅವಳೆಂದರೆ ಭಯವೂ ಹೌದು, ನೆಚ್ಚಿಕೆಯೂ ಹೌದು.

ಎರಡು ಲೋಟ ನೀರು ಕುಡಿದ ಮೇಲೆ ಅವರಿಗೆ ಮಾತು ಬಂತು. ವರ್ಷಕ್ಕೊಮ್ಮೆ ಅವರು ಒಂದು ತಂಡ ಕಟ್ಟಿಕೊಂಡು ಸಮುದ್ರದಾಚೆಯ ಒಂದು ದ್ವೀಪದೇಶಕ್ಕೆ ಹೋಗಿ ಸೀಳುತುಟಿಯ ಮಕ್ಕಳಿಗೆ ಪುಕ್ಕಟೆಯಾಗಿ ಆಪರೇಷನ್ ಮಾಡಿ ಬರುತ್ತಿದ್ದರು. ಹೋದ ವರ್ಷ ಉಪಕರಣ ಬೇಯಿಸಲು ಪರದೆಯ ಮೇಲೆ ಅಂಕಿ ಓಡುವ ಹೊಸ ಯಂತ್ರವೊಂದನ್ನು ಹೊತ್ತುಕೊಂಡು ಹೋಗಿದ್ದರು. ಅಲ್ಲಿ ಕರೆಂಟು ದಿನಕ್ಕೆ ಮೂರು ತಾಸು, ಅದೂ ಬಂದು ಬಂದು ಹೋಗುವಂಥದ್ದು. ಎರಡನೆಯ ದಿನವೇ ಯಂತ್ರ ಕಣ್ಣು ಮುಚ್ಚಿತು. ದೋಣಿಯಲ್ಲಿ ಮಕ್ಕಳನ್ನು ಕರೆತಂದಿದ್ದ ತಾಯಂದಿರನ್ನು, ನಲವತ್ತು ಜನಕ್ಕಿಂತ ಹೆಚ್ಚು, ಹಾಗೆಯೇ ವಾಪಸು ಕಳಿಸಬೇಕಾಯಿತು. ಈ ಸಲ ಒಲೆಯ ಮೇಲೆ ನಡೆಯುವ ಹಳೆಯ ಕುಕ್ಕರನ್ನೇ ಒಯ್ಯಬೇಕು ಎಂದು ತೀರ್ಮಾನವಾಗಿತ್ತು. ಆದರೆ ಈಗ ಆಸ್ಪತ್ರೆಯಲ್ಲಿರುವವರಿಗೆಲ್ಲ ಗುಂಡಿ ಒತ್ತಲು ಬರುತ್ತದೆ, ಒಲೆ ಹಚ್ಚಲು ಬರುವುದಿಲ್ಲ.

"ಹದಿನೆಂಟು ದಿನ," ಎಂದರು ಡಾಕ್ಟರು. "ಸಂಬಳ ಇಲ್ಲ. ಸೊಳ್ಳೆ ಇದೆ. ನೀವು ಸಾವಕಾಶವಾಗಿ ಯೋಚನೆ ಮಾಡಿ, ಮನೆಯವರನ್ನ ಕೇಳಿ, ಒಂದು ವಾರ ಬಿಟ್ಟು..."

"ಬರ್ತೀನಿ," ಎಂದಳು ಕುಕ್ಕರಮ್ಮ.

ಬಾಯಿಂದ ಮಾತು ಹೊರಟ ಮೇಲೆ ಅದು ತನ್ನದೇ ದನಿಯೆಂದು ಅವಳಿಗೆ ಗೊತ್ತಾಯಿತು. ಅರವತ್ತಾರು ವರ್ಷದ ಬದುಕಿನಲ್ಲಿ ಅವಳು ವಿಮಾನ ಹತ್ತಿದವಳಲ್ಲ, ಸಮುದ್ರ ನೋಡಿದವಳಲ್ಲ. ಕೈಯಲ್ಲಿನ್ನೂ ಒಂದು ಒದ್ದೆ ದಿಂಬಿನ ಚೀಲವಿತ್ತು. ಅದರಿಂದ ನೀರು ತೊಟ್ಟಿಕ್ಕಿ ಡಾಕ್ಟರ ಬೂಟು ನೆನೆಯುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಅದೇ ಕೋಣೆಯಲ್ಲಿ, ಪೇಪರಿನ ಹಿಂದೆ, ಅವಳ ಗಂಡ ಕೂತಿದ್ದರು. ಮೂವತ್ತೊಂದು ವರ್ಷ ಒಂದೇ ದಾರಿಯ ಬಸ್ಸಿನಲ್ಲಿ ಟಿಕೆಟು ಹರಿದವರು. ಮನೆಯಲ್ಲೂ ಓಣಿಯಲ್ಲೂ ಅವರು ಕಂಡಕ್ಟರೇ. ಮಾತಿನ ಮಲ್ಲ. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಿದ್ದರು, ಯಾರು ಚಿಲ್ಲರೆಗೆ ಜಗಳ ತೆಗೆಯುತ್ತಿದ್ದರು, ಯಾರ ಕೊಡೆ ಬಸ್ಸಿನಲ್ಲೇ ಉಳಿಯಿತು ಎಂಬುದನ್ನು ದಿನಾ ಊಟವಾದ ಮೇಲೆ ಹೇಳಲು ಕೂತರೆ ಹೆಂಡತಿ ಹೂಂಗುಟ್ಟುತ್ತ ಹೂಂಗುಟ್ಟುತ್ತ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಅಂಥ ಮನುಷ್ಯ ಡಾಕ್ಟರು ಹೊರಟುಹೋದ ಮೇಲೆ ಪೇಪರು ಮಡಿಸಿ, ಇನ್ನು ಮೇಲೆ ನನ್ನ ಕನ್ನಡಕ ಎಲ್ಲಿದೆ ಅಂತ ಯಾರನ್ನು ಕೇಳಬೇಕು ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಸೊಸೆ ಕಿಸಕ್ಕನೆ ನಕ್ಕಳು. ಕಂಡಕ್ಟರು ಎದ್ದು ಹೋದರು. ಆಮೇಲೆ ತುಟಿಪಿಟಕ್ಕೆನ್ನಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಉಪ್ಪು ಬೇಕಾದರೆ ಉಪ್ಪಿನ ಡಬ್ಬಿಯ ಕಡೆ ಬೆರಳು ತೋರಿಸುತ್ತಿದ್ದರು.

ಬೇರೆ ಕಾಲದಲ್ಲಾಗಿದ್ದರೆ ಕುಕ್ಕರಮ್ಮ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದಳು. ಈಗ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತಿದ್ದಳು. ತರಕಾರಿಯವಳಿಗೆ ಹೇಳಿದಳು, ಇಸ್ತ್ರಿಯವನಿಗೆ ಹೇಳಿದಳು, ದಾರಿ ಕೇಳಲು ನಿಂತ ಅಪರಿಚಿತನೊಬ್ಬನಿಗೂ ಹೇಳಿ, ಅವನು ಕೇಳಿದ ದಾರಿ ಹೇಳುವುದನ್ನೇ ಮರೆತಳು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೋದಾಗ, ನಗಬಾರದು, ಬಾಯಿ ಮುಚ್ಚಿರಬೇಕು ಎಂದು ಫೋಟೋದವನು ಹೇಳಿದ. ಅವಳು ಬಾಯಿ ಮುಚ್ಚಿದಳು. ನಗು ಕೆನ್ನೆಗೆ ಬಂತು. ಕೆನ್ನೆ ಬಿಗಿಹಿಡಿದಳು, ನಗು ಕಣ್ಣಿಗೆ ಬಂತು. ಹನ್ನೊಂದು ಸಲ ತೆಗೆದು ಸೋತ ಅವನು, ಅಮ್ಮ, ಯಾರಾದರೂ ಕಳ್ಳತನ ಮಾಡಿದ್ದು ನೆನೆಸಿಕೊಳ್ಳಿ ಎಂದ. ಹಿಂದೊಮ್ಮೆ ಕಳ್ಳನೊಬ್ಬ ತಮ್ಮ ಮನೆಗೆ ನುಗ್ಗಿ, ಏನೂ ಸಿಗದೆ, ಆಸ್ಪತ್ರೆಯಿಂದ ತಂದು ಮೇಜಿನ ಮೇಲಿಟ್ಟಿದ್ದ ಪ್ಲಾಸ್ಟರಿನ ಹಲ್ಲಿನ ಅಚ್ಚನ್ನು ಕದ್ದೊಯ್ದದ್ದು ಅವಳಿಗೆ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹನ್ನೆರಡನೆಯ ಫೋಟೋದಲ್ಲಿ ನಕ್ಕು ನಕ್ಕು ಸುಸ್ತಾದ ಮುಖವಿತ್ತು. ಅದನ್ನೇ ಕಳಿಸಿದರು, ಒಪ್ಪಿಗೆಯಾಯಿತು.

ತಂಡದ ಮುಖ್ಯ ನರ್ಸಿಗೆ ಪಟ್ಟಿಯಮ್ಮ ಎಂದು ಹೆಸರು. ಆಕೆಯ ಕುತ್ತಿಗೆಯಲ್ಲಿ ಸದಾ ಒಂದು ಪೆನ್ನು ನೇತಾಡುತ್ತಿತ್ತು, ಕೈಯಲ್ಲಿ ಸದಾ ಒಂದು ಪಟ್ಟಿ. ಪ್ರತಿ ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಸಭಾಕೋಣೆಯಲ್ಲಿ ಹದಿನಾಲ್ಕು ಜನರನ್ನೂ ಕೂರಿಸಿ ಆಕೆ ತರಬೇತಿ ಕೊಡುತ್ತಿದ್ದಳು. ನೀರನ್ನು ಹೇಗೆ ಕಾಯಿಸಿ ಕುಡಿಯಬೇಕು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಹೇಗೆ ಸಿಕ್ಕಿಸಬೇಕು, ಮಕ್ಕಳ ಫೋಟೋ ಕೇಳದೆ ತೆಗೆಯಬಾರದು, ನಾವು ಉಪಕಾರ ಮಾಡಲು ಬಂದವರೆಂಬ ಠೀವಿ ತೋರಿಸಬಾರದು. ಆ ದ್ವೀಪದ ಭಾಷೆಯ ಇಪ್ಪತ್ತು ಮಾತುಗಳನ್ನು ಎಲ್ಲರೂ ಬಾಯಿಪಾಠ ಮಾಡಬೇಕಿತ್ತು. ಹೆದರಬೇಡ, ಬಾಯಿ ತೆರೆ, ಇನ್ನೇನು ಮುಗೀತು ಎಂಬಂಥವು. ಕುಕ್ಕರಮ್ಮ ತನ್ನ ಕೆಲಸಕ್ಕೆಂದು ಇನ್ನೂ ಮೂರನ್ನು ಕೇಳಿ ಕಲಿತಳು: ಬಿಸಿ, ದೂರ ನಿಲ್ಲು, ಮುಚ್ಚಳ ಮುಟ್ಟಬೇಡ. ಆ ಮೂರನ್ನೂ ಮನೆಯಲ್ಲಿ ಪಾತ್ರೆ ತೊಳೆಯುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಕಂಡಕ್ಟರು ಅಡುಗೆಮನೆಗೆ ಕಾಲಿಟ್ಟಾಗಲೆಲ್ಲ ದೂರ ನಿಲ್ಲು ಎನ್ನುವುದು ಕೇಳಿ, ಭಾಷೆ ತಿಳಿಯದೆ ಹೋದರೂ ದನಿ ತಿಳಿದು, ಅವರು ಹಾಗೇ ಹಿಂದಕ್ಕೆ ಹೋಗುತ್ತಿದ್ದರು.

ಕುಕ್ಕರನ್ನು ಹುಡುಕಿದ್ದೇ ಒಂದು ಕಥೆ. ಆಸ್ಪತ್ರೆಯ ಹಿಂದಿನ ಗುಜರಿ ಕೋಣೆಯಲ್ಲಿ, ಕಾಲು ಮುರಿದ ಮಂಚಗಳ ಅಟ್ಟಿಯ ಹಿಂದೆ, ಅದು ಗೋಡೆಗೆ ಮುಖ ಮಾಡಿ ಕೂತಿತ್ತು. ಒಳಗೆ ಇಲಿ ಸಂಸಾರ ಹೂಡಿತ್ತು. ತುಟಿ ಡಾಕ್ಟರು, ಪಟ್ಟಿಯಮ್ಮ, ಕುಕ್ಕರಮ್ಮ ಮೂವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಂಚಗಳನ್ನು ಎಳೆದರು. ಅವಳು ಅದರ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಬಿರುಕಿಲ್ಲ ಎಂದಳು. ಮುಚ್ಚಳದ ರಬ್ಬರು ಸುಕ್ಕುಗಟ್ಟಿತ್ತು, ಹೊಸದನ್ನು ಹಾಕಿಸಿದರು. ಒತ್ತಡ ತೋರಿಸುವ ಮುಳ್ಳನ್ನೂ, ಹಬೆ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಬಿರಡೆಯನ್ನೂ ಬಾಯ್ಲರ್ ರಿಪೇರಿಯವನಿಂದ ಪರೀಕ್ಷೆ ಮಾಡಿಸಿದರು. ಉಳಿದದ್ದನ್ನು ಅವಳೇ ಉಜ್ಜಿದಳು. ಮೂರು ದಿನ ಉಜ್ಜಿದ ಮೇಲೆ ಅದರಲ್ಲಿ ಮುಖ ಕಾಣಿಸುವಂತಾಯಿತು. ಸ್ವಲ್ಪ ಅಗಲವಾಗಿ, ಅಷ್ಟೆ.

ಆಸ್ಪತ್ರೆಯ ಹಿತ್ತಲಲ್ಲಿ ಗ್ಯಾಸಿನ ಒಲೆಯಿಟ್ಟು ಪರೀಕ್ಷೆ ನಡೆಸಿದ ದಿನ ಥಿಯೇಟರಿನ ನರ್ಸುಗಳೆಲ್ಲ ಟೀ ಲೋಟ ಹಿಡಿದುಕೊಂಡು ನೋಡಲು ಬಂದರು. ಕುಕ್ಕರಮ್ಮ ಗೆರೆಯವರೆಗೆ ನೀರು ಹುಯ್ದಳು. ಎರಡು ಪದರ ಬಟ್ಟೆಯಲ್ಲಿ ಸುತ್ತಿದ ಗಂಟುಗಳನ್ನು, ನಡುವೆ ಹಬೆ ನುಸುಳುವಷ್ಟು ಜಾಗ ಬಿಟ್ಟು, ನಿಲ್ಲಿಸಿದಳು. ಮುಚ್ಚಳದ ತಿರುಪುಗಳನ್ನು ಸಾಲಾಗಿ ಬಿಗಿಯದೆ, ಒಂದನ್ನು ಇಲ್ಲಿ, ಅದರೆದುರಿನದನ್ನು ಅಲ್ಲಿ, ಹೀಗೆ ಜೋಡಿ ಜೋಡಿಯಾಗಿ ಬಿಗಿದಳು. ಒಳಗಿನ ಗಾಳಿಯೆಲ್ಲ ಹೊರಟು ಬರೀ ಹಬೆ ಬರುವವರೆಗೆ ಮುಚ್ಚಳದ ನಲ್ಲಿ ಮುಚ್ಚಬಾರದು ಎಂದು ಎಲ್ಲರಿಗೂ ಹೇಳಿದಳು. ಅದು ಹೇಗೆ ತಿಳಿಯುತ್ತದೆ ಎಂದು ಒಬ್ಬ ನರ್ಸು ಕೇಳಿದಳು.

"ಗಾಳಿ ಇದ್ರೆ ಕೆಮ್ಮುತ್ತೆ," ಎಂದಳು ಕುಕ್ಕರಮ್ಮ. "ಗಾಳಿ ಹೋದ ಮೇಲೆ ಒಂದೇ ಸಮ ಉಸಿರು ಬಿಡುತ್ತೆ. ಕೇಳು, ಈಗ ಕೆಮ್ಮುತಾ ಇದೆ. ಇನ್ನೂ ಕೆಮ್ಮುತಾ ಇದೆ. ಹಾಂ, ಈಗ."

ನಲ್ಲಿ ಮುಚ್ಚಿದಳು. ಮುಳ್ಳು ಏರಿತು, ನಿಲ್ಲಬೇಕಾದಲ್ಲಿ ನಿಂತಿತು. ಅರ್ಧ ಗಂಟೆ ಅವಳು ಅದರ ಮೇಲಿಂದ ಕಣ್ಣು ಕೀಳಲಿಲ್ಲ. ಎಲ್ಲ ಮುಗಿದು ಗಂಟು ಹೊರಬಂದಾಗ ಬಟ್ಟೆ ಗರಿಗರಿಯಾಗಿ ಒಣಗಿತ್ತು, ಗಂಟಿಗೆ ಅಂಟಿಸಿದ್ದ ಟೇಪಿನ ಬಿಳಿ ಗೆರೆಗಳು ಕಪ್ಪಗೆ ತಿರುಗಿದ್ದವು. ಹಬೆ ತಲುಪಿದ್ದಕ್ಕೆ ಅದೇ ಗುರುತು. ತುಟಿ ಡಾಕ್ಟರು ಚಪ್ಪಾಳೆ ತಟ್ಟಿದರು. ಪಟ್ಟಿಯಮ್ಮ ಪಟ್ಟಿಯಲ್ಲಿ ಒಂದು ಗುರುತು ಹಾಕಿ, ಎಲ್ಲರೂ ಕೆಲಸಕ್ಕೆ ನಡೆಯಿರಿ ಎಂದು ಗದರಿದಳು; ಗದರುತ್ತಲೇ ತಾನೂ ಹಲ್ಲು ಬಿಟ್ಟಳು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ದೇಹಪರೀಕ್ಷೆ. ಅದನ್ನು ಯಾರೂ ದೊಡ್ಡದೆಂದು ಎಣಿಸಿರಲಿಲ್ಲ. ಪರೀಕ್ಷೆ ಮಾಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕಟ್ಟುನಿಟ್ಟಿನವಳು. ಇ.ಸಿ.ಜಿ.ಯಲ್ಲಿ ಕುಕ್ಕರಮ್ಮನ ಹೃದಯದ ಗೆರೆ ನೋಡಿದಳು, ಚೆನ್ನಾಗಿತ್ತು. ರಕ್ತ, ಮೂತ್ರ, ಕಣ್ಣು, ಮಂಡಿ, ಎಲ್ಲ ಚೆನ್ನಾಗಿತ್ತು. ಕೊನೆಗೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ರಕ್ತದೊತ್ತಡದ ಮೇಲಿನ ಅಂಕಿ ನೂರ ಎಪ್ಪತ್ತೆಂಟು. ಮತ್ತೆ ನೋಡಿದಳು, ನೂರ ಎಂಬತ್ತು. ಫಾರ್ಮಿನ ಪ್ರಕಾರ ನೂರ ಐವತ್ತು ದಾಟಿದವರು ಹೋಗುವಂತಿರಲಿಲ್ಲ. ಎರಡು ದಿನ ಬಿಟ್ಟು ಬರಹೇಳಿದಳು. ಎರಡು ದಿನ ಬಿಟ್ಟು ಹೋದರೆ ನೂರ ಎಪ್ಪತ್ತೆರಡು.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, ಮನೆಯಲ್ಲಿ ಚಿಂತೆಯಿದೆಯೇ, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿದಳು. ಕುಕ್ಕರಮ್ಮ ಚಿಂತೆ ಏನೂ ಇಲ್ಲವೆಂದು ಹೇಳಿ, ಕೇಳದಿದ್ದರೂ ಗುಜರಿ ಕೋಣೆಯ ಇಲಿಯ ಕಥೆಯನ್ನು ಹೇಳಿದಳು, ಫೋಟೋದವನ ಕಥೆಯನ್ನು ಹೇಳಿದಳು. ಹೇಳುತ್ತ ಹೇಳುತ್ತ ಕೆನ್ನೆ ಕೆಂಪೇರಿತು. ಡಾಕ್ಟರಮ್ಮ ಅಷ್ಟೂ ಹೊತ್ತು ಅವಳ ನಾಡಿ ಹಿಡಿದುಕೊಂಡಿದ್ದಳು.

"ನಿಮಗೆ ರೋಗ ಅಂತ ನನಗೆ ಅನ್ನಿಸ್ತಾ ಇಲ್ಲ ಅಮ್ಮ," ಎಂದಳು. "ನಿಮಗೆ ಖುಷಿ ಜಾಸ್ತಿ ಆಗಿದೆ. ಆದ್ರೆ ನನ್ನ ಫಾರ್ಮಿನಲ್ಲಿ ಖುಷಿಗೆ ಕಾಲಂ ಇಲ್ಲ. ಗುರುವಾರ ಕೊನೇ ಸಲ ನೋಡ್ತೀನಿ. ಆವತ್ತೂ ಹೀಗೇ ಇದ್ರೆ ನಾನು ಸಹಿ ಹಾಕೋಕೆ ಆಗಲ್ಲ."

ಕುಕ್ಕರಮ್ಮ ಹೋಗದಿದ್ದರೆ ಬದಲಿಗೆ ಹೋಗುವವರು ಯಾರೂ ಇರಲಿಲ್ಲ.

ಗುರುವಾರಕ್ಕೆ ನಾಲ್ಕು ದಿನ ಉಳಿದಿತ್ತು. ಸೊಸೆ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಕಟ್ಟುವವಳು, ಯಾವುದನ್ನೇ ಆದರೂ ಕಟ್ಟಿ ಅಡಗಿಸಬಹುದೆಂದು ನಂಬಿದವಳು. ಅತ್ತೆಯ ಖುಷಿಯನ್ನು ಕಟ್ಟಿಹಾಕುವ ಕೆಲಸವನ್ನು ಅವಳು ಮೈಮೇಲೆ ಹಾಕಿಕೊಂಡಳು. ಉಪ್ಪು ಬಂದ್, ಟೀ ಬಂದ್. ತರಬೇತಿಯ ಮಾತು ಎತ್ತಕೂಡದು. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ದಿನಕ್ಕೆ ಮೂರು ಸಲ ಕಣ್ಣು ಮುಚ್ಚಿ ಕೂತು ಉಸಿರೆಳೆಯಬೇಕು. ಕಣ್ಣು ಮುಚ್ಚಿದರೆ ಕುಕ್ಕರಮ್ಮನಿಗೆ ಸಮುದ್ರ ಕಾಣಿಸುತ್ತಿತ್ತು, ಸಮುದ್ರದಲ್ಲಿ ದೋಣಿ, ದೋಣಿಯಲ್ಲಿ ತಾಯಂದಿರು. ತಟ್ಟನೆ ಕಣ್ಣು ತೆರೆದು ರಬ್ಬರು ಇನ್ನೊಂದು ಹೆಚ್ಚಿಗೆ ಇಟ್ಟುಕೊಳ್ಳಬೇಕು ಎನ್ನುತ್ತಿದ್ದಳು. ದುಃಖದ ಸಂಗತಿ ನೆನೆಯಿರಿ ಎಂದು ಸೊಸೆ ಹೇಳಿದಾಗ ತೀರಿಕೊಂಡ ತಾಯಿಯನ್ನು ನೆನೆದಳು. ಆದರೆ ಅವಳ ತಾಯಿ ಮಹಾ ತಮಾಷೆಯ ಹೆಂಗಸು, ನೆನೆದದ್ದೇ ತಪ್ಪಾಯಿತು. ಸೊಸೆ ವಾಷಿಂಗ್ ಮೆಶಿನ್ನಿನ ಜೊತೆ ಬಂದಿದ್ದ ಸೂಚನೆಗಳ ಪುಸ್ತಕವನ್ನು ಓದಿ ಹೇಳಿದಳು. ಕುಕ್ಕರಮ್ಮ ಅದನ್ನೂ ಕಿವಿ ನಿಮಿರಿಸಿ ಕೇಳಿ ನಡುನಡುವೆ ಪ್ರಶ್ನೆ ಹಾಕಿದಳು. ಪಕ್ಕದ ಮನೆಯಿಂದ ತಂದಿದ್ದ ಬಿ.ಪಿ. ಯಂತ್ರ ಬುಧವಾರ ಬೆಳಿಗ್ಗೆ ನೂರ ಎಪ್ಪತ್ತು ತೋರಿಸಿತು.

ಆ ಮಧ್ಯಾಹ್ನ ಸೊಸೆ ಮಾವನಿಗೆ ಊಟ ಬಡಿಸುತ್ತ ವಿಷಯ ಹೇಳಿದಳು. ನಾಳೆ ಇಳಿಯದಿದ್ದರೆ ಅತ್ತೆ ಹೋಗುವುದಿಲ್ಲ, ನಿಮಗೆ ನೆಮ್ಮದಿಯಾಗುತ್ತದೆ ಎಂದಳು. ಬೇಕೆಂದೇ ಚುಚ್ಚಿ ಹೇಳಿದಳು. ಕಂಡಕ್ಟರು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ತಟ್ಟೆ ನೋಡುತ್ತ ಕೂತರು. ಪಕ್ಕದ ಕೋಣೆಯಲ್ಲಿದ್ದ ಕುಕ್ಕರಮ್ಮ ಇದನ್ನು ಕೇಳಿಸಿಕೊಂಡಳು. ಮನೆ ಮೂರು ವಾರದಿಂದ ಎಷ್ಟು ಸದ್ದಿಲ್ಲದೆ ಇದೆ ಎಂಬುದು ಅವಳಿಗೆ ಆಗ ಮೊದಲ ಸಲ ಗಮನಕ್ಕೆ ಬಂತು. ತನ್ನ ಸಡಗರದ ಗದ್ದಲದಲ್ಲಿ ಅದು ಕಿವಿಗೇ ಬಿದ್ದಿರಲಿಲ್ಲ.

ಗುರುವಾರ ಅತ್ತೆ ಸೊಸೆ ಆಸ್ಪತ್ರೆಗೆ ಹೋದಾಗ ಪರೀಕ್ಷೆ ಕೋಣೆಯ ಹೊರಗಿನ ಬೆಂಚಿನಲ್ಲಿ ಕಂಡಕ್ಟರು ಆಗಲೇ ಕೂತಿದ್ದರು. ಬೂಟಿಗೆ ಪಾಲಿಶು ಹಾಕಿದ್ದರು, ಕೂದಲು ನೀರು ಹಚ್ಚಿ ಬಾಚಿದ್ದರು. ಬಾಗಿಲು ತೆರೆದ ಡಾಕ್ಟರಮ್ಮನಿಗೆ ಅವರು ಎದ್ದು ನಿಂತು, ನಾನು ಇವಳ ಗಂಡ, ಹತ್ತು ನಿಮಿಷ ಒಳಗೆ ಕೂತು ಮಾತಾಡಬಹುದೇ ಎಂದು ಕೇಳಿದರು. ಜಗಳ ಮಾಡುವುದಾದರೆ ಬೇಡ ಎಂದಳು ಡಾಕ್ಟರಮ್ಮ. ನಾನು ಜಗಳ ಆಡುವವನಲ್ಲ, ಬರೀ ಮಾತಾಡುವವನು ಎಂದರು ಕಂಡಕ್ಟರು.

ಕುಕ್ಕರಮ್ಮನನ್ನು ಒರಗುಕುರ್ಚಿಯಲ್ಲಿ ಕೂರಿಸಿದರು. ತೋಳಿಗೆ ಪಟ್ಟಿ ಬಂತು. ಕಂಡಕ್ಟರು ಎದುರಿನ ಸ್ಟೂಲಿನಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

"ಬೆಳಿಗ್ಗೆ ಆರೂ ಹತ್ತಕ್ಕೆ ಡಿಪೋ ಬಿಟ್ರೆ ಮೊದಲನೇ ಸ್ಟಾಪು ನೀರಿನ ಟ್ಯಾಂಕು," ಎಂದು ಶುರುಮಾಡಿದರು. "ಅಲ್ಲಿ ಹತ್ತೋರು ಇಬ್ಬರೇ. ಒಬ್ಬ ಗಡಿಯಾರ ರಿಪೇರಿಯವನು. ದಿನಾ ತಡ. ಬಸ್ಸಿನ ಹಿಂದೆ ಓಡಿ ಬರೋನು. ಆಮೇಲೆ ಹೆಣ್ಮಕ್ಕಳ ಶಾಲೆ. ಅಲ್ಲಿ ಆ ಹೊತ್ತಲ್ಲಿ ಯಾರೂ ಹತ್ತಲ್ಲ, ಆದ್ರೂ ನಿಲ್ಲಿಸಬೇಕು, ಅದು ನಿಯಮ. ಆಮೇಲೆ ಹಳೇ ಅಂಚೆ ಕಚೇರಿ. ಅಲ್ಲಿ ಒಬ್ಬಳು ಮುದುಕಿ ಬುಟ್ಟಿ ಇಟ್ಕೊಂಡು..."

ಅದೇ ದನಿ. ಏರಿಳಿತವಿಲ್ಲ, ಸಮತಟ್ಟಾದ ರಸ್ತೆಯ ಹಾಗೆ. ಮರದ ಮಿಲ್ಲು ಬಂತು, ಬೆಂಕಿಪೆಟ್ಟಿಗೆ ಕಾರ್ಖಾನೆಯ ಗೇಟು ಬಂತು, ಸೇತುವೆ ಬಂತು. ಸೇತುವೆಯ ಮೇಲೆ ಒಮ್ಮೆ ಎಮ್ಮೆ ಅಡ್ಡ ಬಂದು ಹದಿನೇಳು ನಿಮಿಷ ತಡವಾದದ್ದನ್ನು ಅವರು ಹದಿನೇಳು ನಿಮಿಷದಷ್ಟೇ ಉದ್ದವಾಗಿ ಹೇಳುವ ಹಾಗೆ ಕಂಡಿತು. ಕುಕ್ಕರಮ್ಮ ಹೂಂ ಎಂದಳು. ಹೂಂ. ಅವಳ ಭುಜಗಳು ಕೆಳಗಿಳಿದವು. ಗೋಡೆಗೆ ಒರಗಿ ನಿಂತಿದ್ದ ಸೊಸೆ ಆಕಳಿಸಿದಳು. ಡಾಕ್ಟರಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿ, ನಾಚಿಕೊಂಡು, ಪಟ್ಟಿಗೆ ಗಾಳಿ ತುಂಬಿದಳು. ನೂರ ನಲವತ್ತನಾಲ್ಕು. ತುಟಿಗೆ ಬೆರಳಿಟ್ಟು ಸೊಸೆಗೆ ಸನ್ನೆ ಮಾಡಿ, ಕಂಡಕ್ಟರಿಗೆ ಮುಂದುವರಿಸಿ ಎಂದು ಕೈ ಬೀಸಿದಳು. ಅವರಿಗೇನು, ಇನ್ನೂ ಅರ್ಧ ದಾರಿ ಬಾಕಿಯಿತ್ತು. ರೈಲ್ವೆ ಗೇಟಿನ ಹತ್ತಿರ ಬರುವ ಹೊತ್ತಿಗೆ ಎರಡನೆಯ ಸಲ ನೋಡಿದಳು. ನೂರ ಮೂವತ್ತೆಂಟು. ಡಾಕ್ಟರಮ್ಮ ಸದ್ದಾಗದಂತೆ ಮೇಜಿನ ಹತ್ತಿರ ಹೋಗಿ ಫಾರ್ಮಿಗೆ ಸಹಿ ಹಾಕಿದಳು. ಸಹಿ ಹಾಕಿದ್ದನ್ನು ಹೇಳಲು ಕುಕ್ಕರಮ್ಮನನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು.

ಸೊಸೆ ಅಲ್ಲಿಂದಲೇ ಕೆಲಸಕ್ಕೆ ಹೋದಳು. ಗಂಡ ಹೆಂಡತಿ ನಡೆದುಕೊಂಡೇ ಮನೆಗೆ ಹೊರಟರು. ಬಿಸಿಲು ಚುರುಗುಟ್ಟುತ್ತಿತ್ತು, ಅಂಗಡಿಗಳ ನೆರಳು ಹಿಡಿದು ನಡೆದರು.

"ನೀನು ಹೋಗೋದಕ್ಕೆ ನನಗೆ ಸಿಟ್ಟಿಲ್ಲ," ಎಂದರು ಕಂಡಕ್ಟರು. "ಆವತ್ತು ಅವರು ಕೇಳಿದಾಗ ಒಂದ್ಸಲ ನನ್ನ ಕಡೆ ತಿರುಗಿ ನೋಡ್ತೀಯ ಅಂದ್ಕೊಂಡೆ. ನೋಡಲಿಲ್ಲ."

"ನೋಡಿದ್ರೆ ಬೇಡ ಅಂತಿದ್ರಾ?"

ಅವರು ಮುಂದಿನ ದೀಪದ ಕಂಬದವರೆಗೆ ಯೋಚಿಸಿದರು. "ಅಂತಿದ್ದೆನೋ ಏನೋ."

"ಅದಕ್ಕೇ ನೋಡಲಿಲ್ಲ ರೀ," ಎಂದಳು ಕುಕ್ಕರಮ್ಮ.

ಕಂಡಕ್ಟರು ನಿಂತುಬಿಟ್ಟರು. ಅವಳೂ ನಿಂತು, ಏನೆನ್ನುತ್ತಾರೋ ಎಂದು ಮುಖ ನೋಡಿದಳು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಬಾಯಿ ತೆರೆದು ನಕ್ಕರು. ಅವಳಿಗೂ ತಡೆಯಲಾಗಲಿಲ್ಲ. ಪಾತ್ರೆ ಅಂಗಡಿಯ ಮುಂದೆ ಇಬ್ಬರು ಮುದುಕರು ಒಬ್ಬರ ತೋಳು ಒಬ್ಬರು ಹಿಡಿದು ನಗುವುದನ್ನು ನೋಡಿ ಅಂಗಡಿಯವನು ಹೊರಗೆ ಬಂದು, ಏನಾದರೂ ಬೇಕಿತ್ತೇ ಎಂದು ಕೇಳಿದ. ಬೇಕಾದದ್ದೆಲ್ಲ ಸಿಕ್ಕಿತು ಎಂದರು ಕಂಡಕ್ಟರು. ಅಲ್ಲಿಂದ ಮನೆಯವರೆಗೆ ಮೂರು ವಾರದ ಬಾಕಿ ಮಾತನ್ನೆಲ್ಲ ಆಡಿ ತೀರಿಸಿದರು.

ಕೊನೆಯ ವಾರ ಗಾಳಿಯ ಹಾಗೆ ಹಾರಿತು. ಪೆಟ್ಟಿಗೆ ಮಂಚದ ಕೆಳಗಿಂದ ಹೊರಗೆ ಬಂತು. ಒಬ್ಬೊಬ್ಬರಿಗೆ ಇಪ್ಪತ್ಮೂರು ಕಿಲೋ, ಒಂದು ಗ್ರಾಂ ಹೆಚ್ಚಿಲ್ಲ ಎಂದು ಪಟ್ಟಿಯಮ್ಮನ ಅಪ್ಪಣೆ. ಕುಕ್ಕರೊಂದೇ ಹದಿನಾಲ್ಕು ಕಿಲೋ ತೂಗುತ್ತಿತ್ತು, ಅದು ಕುಕ್ಕರಮ್ಮನ ಲೆಕ್ಕಕ್ಕೇ ಬಿದ್ದಿತ್ತು. ಸೊಸೆ ಅತ್ತೆಯನ್ನೂ ಕುಕ್ಕರನ್ನೂ ಕೊರಿಯರ್ ಆಫೀಸಿಗೆ ಕರೆದೊಯ್ದು ತೂಕದ ಕಟ್ಟೆಯ ಪಕ್ಕದಲ್ಲಿ ಎಲ್ಲ ಹರವಿದಳು. ಖಾಲಿ ಡಬ್ಬ ಕಳಿಸಿದರೆ ಗಾಳಿಗೆ ಜಾಗ ಕೊಟ್ಟ ಹಾಗೆ ಎಂದು ಹೇಳಿ, ಕುಕ್ಕರಿನ ಹೊಟ್ಟೆಯೊಳಗೆ ಅತ್ತೆಯ ಬಟ್ಟೆ, ಟವೆಲು, ಸೊಳ್ಳೆಪರದೆ, ಎರಡು ಹೆಚ್ಚುವರಿ ರಬ್ಬರು, ಚಪ್ಪಲಿ ಎಲ್ಲವನ್ನೂ ಸುರುಳಿ ಸುತ್ತಿ ತುರುಕಿದಳು. ಇಪ್ಪತ್ಮೂರು ಕಿಲೋ ನಾನೂರು ಗ್ರಾಂ. ಸ್ವೆಟರು ತೆಗೆದರು. ನೂರ ಐವತ್ತು ಗ್ರಾಂ ಇನ್ನೂ ಹೆಚ್ಚಿತ್ತು. ಚಪ್ಪಲಿಯ ಗಂಟಿನೊಳಗೆ ಕೈ ಹಾಕಿ ನೋಡಿದರೆ ಬಟ್ಟೆಯಲ್ಲಿ ಸುತ್ತಿದ ಒಂದು ಬಟಾಟೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ಇಬ್ಬರಿಗೂ ಹೊಳೆಯಲಿಲ್ಲ. ಮನೆಗೆ ಹೋಗಿ ಕೇಳಿದರೆ ಕಂಡಕ್ಟರು ಒಪ್ಪಿಕೊಂಡರು. ಅಲ್ಲಿ ತಿನ್ನಲು ಏನು ಸಿಗುತ್ತದೋ ಏನೋ ಎಂದು ತಾನೇ ಇಟ್ಟಿದ್ದಂತೆ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಹದಿನಾಲ್ಕು ಜನರೂ ಒಂದೇ ಬಣ್ಣದ ಅಂಗಿ ತೊಟ್ಟು ಸೇರಿದರು. ಪಟ್ಟಿಯಮ್ಮ ಹೆಸರು ಕೂಗಿ, ತಲೆ ಎಣಿಸಿ, ತನ್ನನ್ನು ಎಣಿಸಲು ಮರೆತು, ಒಬ್ಬರು ಕಮ್ಮಿ ಎಂದು ಗಾಬರಿಯಾದಳು. ಕಂಡಕ್ಟರು ಒಳಗೆ ಹೋಗುವ ಗಾಜಿನ ಬಾಗಿಲವರೆಗೆ ಬಂದರು. ಹೋಗಿ ಬಾ ಎಂದರು, ಅಷ್ಟೇ. ಅವಳು ಈ ಸಲ ತಿರುಗಿ ನೋಡಿದಳು, ಎರಡು ಸಲ ನೋಡಿದಳು. ಎರಡನೆಯ ಸಲ ನೋಡುವಾಗ ಅವರು ಪಕ್ಕದಲ್ಲಿದ್ದ ಪಹರೆಯವನಿಗೆ ಏನೋ ಉದ್ದವಾಗಿ ಹೇಳುತ್ತಿದ್ದರು.

ವಿಮಾನದಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ತುಟಿ ಡಾಕ್ಟರು. ಬೆಲ್ಟು ಹೇಗೆ ಹಾಕುವುದೆಂದು ಅವರೇ ತೋರಿಸಿಕೊಟ್ಟರು, ಆಮೇಲೆ ತಮ್ಮ ಬೆಲ್ಟನ್ನು ಮೂರು ಸಲ ಎಳೆದು ನೋಡಿಕೊಂಡರು. ಬಾಗಿಲು ಮುಚ್ಚಿತು. ವಿಮಾನ ನಿಧಾನವಾಗಿ ಉರುಳತೊಡಗಿತು. ಕುಕ್ಕರಮ್ಮ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಏನೋ ಅಂಟಂಟಾದದ್ದು ಕೈಗೆ ತಗುಲಿ ತಿರುಗಿ ನೋಡಿದರೆ ಅದು ಡಾಕ್ಟರ ಅಂಗೈ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕೂದಲೆಳೆಯಷ್ಟು ತೆಳುವಾದ ದಾರದಿಂದ ಮಕ್ಕಳ ತುಟಿ ಹೊಲಿಯುವ ಆ ಬೆರಳುಗಳು ಅವಳ ಮಣಿಕಟ್ಟನ್ನು ಬಿಗಿಯಾಗಿ ಅವುಚಿಕೊಂಡಿದ್ದವು.

"ಪ್ರತೀ ಸಲ ನಿದ್ದೆ ಮಾತ್ರೆ ನುಂಗಿ ಬರ್ತಿದ್ದೆ," ಎಂದು ಅವರು ಪಿಸುಗುಟ್ಟಿದರು. "ಈ ಸಲ ಮಾತ್ರೆ ಪಟ್ಟಿಯಲ್ಲಿ ಇರಲಿಲ್ಲ. ಮರೆತೇ ಬಿಟ್ಟೆ. ಯಾರಿಗೂ ಹೇಳಬೇಡಿ."

ಕುಕ್ಕರಮ್ಮನಿಗೆ ನಗು ಉಕ್ಕಿ ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. ಅವರ ದೊಡ್ಡ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿಕೊಳ್ಳಿ, ಹೊರಗೆ ಏನಾಗುತ್ತಿದೆ ಎಂದು ನಾನು ಹೇಳುತ್ತೇನೆ ಎಂದಳು. ಅವರು ಬಿಗಿಯಾಗಿ ಕಣ್ಣು ಮುಚ್ಚಿದರು. ವಿಮಾನ ಓಡತೊಡಗಿತು. ಹುಲ್ಲು ಓಡುತ್ತಿದೆ ಎಂದಳು. ಒಂದು ಕೆಂಪು ಗಾಡಿ ಹಿಂದಕ್ಕೆ ಹೋಯಿತು ಎಂದಳು. ಆಮೇಲೆ ವಿಮಾನ ಹಗುರಾಗಿ ಮೇಲೆದ್ದಿತು, ಹುಲ್ಲು ಕೆಳಗೆ ಉಳಿಯಿತು, ಮನೆಗಳು ಮೊದಲು ಪೆಟ್ಟಿಗೆಗಳಾದವು, ಆಮೇಲೆ ಅಂಗಿಯ ಗುಂಡಿಗಳಾದವು. ಹೇಳುತ್ತೇನೆಂದು ಮಾತು ಕೊಟ್ಟಿದ್ದ ಕುಕ್ಕರಮ್ಮ ಹೇಳುವುದನ್ನೇ ಮರೆತು ಮತ್ತೆ ಕಿಟಕಿಗೆ ಮೂಗು ಒತ್ತಿದಳು.

"ಏನಾಯ್ತು?" ಎಂದರು ಡಾಕ್ಟರು, ಕಣ್ಣು ತೆರೆಯದೆ. "ಏನಾಯ್ತು ಹೇಳಿ."

"ಡಾಕ್ಟ್ರೇ," ಎಂದಳು ಅವಳು, "ನೀವು ಒಂದೇ ಒಂದ್ಸಲ ಕಣ್ಣು ಬಿಟ್ಟು ನೋಡಿ."

ಅವರು ಒಂದು ಕಣ್ಣನ್ನು ಮಾತ್ರ ತೆರೆದರು.